ಪಾರ್ಕಿನಲ್ಲಿ ಸುಡುಮಣ್ಣು

ನವೆಂಬರ್ 3, 2025, ಸೋಮವಾರ

ಮದುವೆಯಾಗಿ ಇವತ್ತಿಗೆ ಒಂದು ತಿಂಗಳು! ಜಾಸಿರ್‌ಗೆ ನೆನಪಿರುವುದಿಲ್ಲ ಎಂದುಕೊಂಡು, ಮುನಿಸಿಕೊಳ್ಳಲು ಬೆಳಿಗ್ಗೆಯಿಂದಲೇ ತಯಾರಾಗಿದ್ದೆ. ಮಧ್ಯಾಹ್ನ ಊಟಕ್ಕೆ ಬಂದವನ ಕೈಯಲ್ಲಿ ಐಸ್‌ಕ್ರೀಂ ಡಬ್ಬ! ಪುತ್ತೂರು ಪೇಟೆಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿಯವನೊಬ್ಬ ಇಷ್ಟು ರೊಮ್ಯಾಂಟಿಕ್ ಆಗಿರಬಹುದೆಂದು ಮಂಗಳೂರಿನ ನನ್ನ ಗೆಳತಿಯರಿಗೆ ಹೇಳಿದರೆ ಒಬ್ಬಳೂ ನಂಬುವುದಿಲ್ಲ. ಮುನಿಸು ವ್ಯರ್ಥವಾಯಿತು. ಐಸ್‌ಕ್ರೀಂ ವ್ಯರ್ಥವಾಗಲಿಲ್ಲ.

ಈ ದಿನಚರಿಯನ್ನು ಕನ್ನಡದಲ್ಲೇ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಬರೆದರೆ ಹಿಂದಿನಿಂದ ಮಿಸ್ ಬಂದು ಕೆಂಪು ಪೆನ್ನಿನಿಂದ ತಿದ್ದುತ್ತಾರೆ ಎಂಬ ಹೆದರಿಕೆ ಈಗಲೂ ಹೋಗಿಲ್ಲ.

ನಮ್ಮದು ಪೇರಳಗುಡ್ಡೆ ಬಡಾವಣೆ. ಪೇರಳೆ ಮರ ಒಂದೂ ಇಲ್ಲ. ಮನೆ ಪುಟ್ಟದು, ಅಂಗಳಕ್ಕೆಲ್ಲ ಇಂಟರ್‌ಲಾಕ್ ಕಲ್ಲು ಹಾಕಿಸಿದ್ದಾರೆ, ಒಂದು ಹುಲ್ಲುಕಡ್ಡಿಗೂ ಎದ್ದು ನಿಲ್ಲಲು ಜಾಗವಿಲ್ಲ. ಆದರೆ ಎದುರಿಗೇ ಒಂದು ಖಾಲಿ ಜಾಗ! 'ಉದ್ಯಾನವನಕ್ಕೆ ಮೀಸಲು' ಎಂಬ ತುಕ್ಕು ಹಿಡಿದ ಬೋರ್ಡು, ಮುಳ್ಳುಪೊದೆ, ಯಾರೋ ಎಸೆದ ಒಡಕು ಕಮೋಡು. ಇವತ್ತು ಸಂಜೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಗ ನನಗೆ ಅಲ್ಲಿ ಒಂದು ತೋಟ ಕಾಣಿಸಿತು. ನಿಜವಾಗಿ ಕಾಣಿಸಿತು! ಹೂವಿನ ಕಮಾನು, ಅದರ ಕೆಳಗೆ ಇಬ್ಬರು ಕೂರುವ ಉಯ್ಯಾಲೆ, ಉಯ್ಯಾಲೆಯಲ್ಲಿ ನಾನು ಮತ್ತು ಜಾಸಿರ್.

ಜಾಸಿರ್‌ನ ಉಮ್ಮನಿಗೆ, ಅಂದರೆ ನನ್ನ ಅತ್ತೆ ನೆಬೀಸ ಮಾಮಿಗೆ, ಹೇಳಿದೆ. ಅವರು "ಹೂಂ" ಎಂದರು. ಮಾಮಿಯ ಮಾತು ಯಾವಾಗಲೂ ಅಷ್ಟೇ. ಮಾವ ತೀರಿಹೋದ ಮೇಲೆ ಕಡಬದಿಂದ ಮಗನ ಜೊತೆ ಇಲ್ಲಿಗೆ ಬಂದವರು. ನಾನು ಬಂದ ಮೊದಲ ವಾರ ಜಾಸಿರ್‌ನನ್ನು ಗುಟ್ಟಾಗಿ ಕೇಳಿದ್ದರಂತೆ: "ಇವಳಿಗೆ ಬಾಯಿ ನೋಯುದಿಲ್ಲವಾ?"

ನವೆಂಬರ್ 9, ಭಾನುವಾರ

ಬಡಾವಣೆಯ ಸಂಘದ ಸಭೆ. ಸಂಘದ ಅಧ್ಯಕ್ಷೆ ಈಶ್ವರಿ ಆಂಟಿಯ ಸಿಟೌಟಿನಲ್ಲಿ ಕುರ್ಚಿ ಸಾಲದೆ ಅರ್ಧ ಜನ ಮೆಟ್ಟಿಲಲ್ಲಿ. ನಾನು ನನ್ನ ನಕ್ಷೆ ಬಿಡಿಸಿ ತೋರಿಸಿದೆ. ನಾಲ್ಕು ಬಣ್ಣದ ಸ್ಕೆಚ್‌ಪೆನ್! ತರಕಾರಿಗೆ ಮಣ್ಣಿನ ಏರಿಗಳು, ಕಮಾನು, ಉಯ್ಯಾಲೆ. ಎಲ್ಲರೂ ಕೂಡಿ ಬೆಳೆಸುವ, ಎಲ್ಲರೂ ಕೂಡಿ ಕೊಯ್ಯುವ ತೋಟ.

"ಚಂದ ಉಂಟು," ಎಂದರು ಈಶ್ವರಿ ಆಂಟಿ. ಸಹಕಾರಿ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಕನ್ನಡಕ ಮೂಗಿನ ತುದಿಗೆ ಇಳಿಸಿಯೇ ಮಾತಾಡುವುದು. "ಆದರೆ ಜಾಗ ನಮ್ಮ ಎದುರು ಇರುದು ಮಾತ್ರ, ನಮ್ಮದಲ್ಲ ಮಾರಾಯ್ತಿ. ನಗರಸಭೆದು. ಪಾರ್ಕಿನ ಜಾಗದಲ್ಲಿ ಬೆಂಡೆ ಹಾಕುದಾದ್ರೆ ನಕ್ಷೆ ಕೊಟ್ಟು ಪರವಾನಿಗೆ ತೆಗೀಬೇಕು."

ಆಗ ಹಿಂದಿನಿಂದ ಒಂದು ಕೆಮ್ಮು. ಪಾರ್ಕಿನ ಜಾಗಕ್ಕೆ ಗೋಡೆ ತಾಗಿಸಿಕೊಂಡಿರುವ ಮನೆಯ ರಾಧಾಕೃಷ್ಣ ಅಂಕಲ್, ಬಸ್ ಕಂಡಕ್ಟರ್ ಆಗಿದ್ದವರು.

"ಇದರಲ್ಲಿ ನಡೆಯಲಿಕ್ಕೆ ಜಾಗ ಎಲ್ಲಿ?"

"ನಡೆಯುದಾ ಅಂಕಲ್?"

"ಹೌದು. ನಾನು ಮೂವತ್ತು ವರ್ಷ ಬಸ್ಸಿನಲ್ಲಿ ನಿಂತವ. ಈಗ ಡಾಕ್ಟ್ರು ದಿನಾ ನಡೀರಿ ಹೇಳ್ತಾರೆ. ರಸ್ತೆಯಲ್ಲಿ ನಾಯಿ, ಗುಡ್ಡೆ ಹತ್ತಿದರೆ ದಮ್ಮು. ಪಾರ್ಕು ಅಂತ ಬೋರ್ಡು ನೋಡಿಯೇ ನಾನು ಈ ಸೈಟು ತೆಗೊಂಡದ್ದು."

"ಏರಿಗಳ ನಡುವಲ್ಲಿ ಸ್ವಲ್ಪ ಒಳಗೆ ಸರಿದು ಹೋದರಾಯ್ತು, ಕಂಡಕ್ಟ್ರೆ," ಎಂದು ಯಾರೋ ಹೇಳಿದರು. ಎಲ್ಲರೂ ನಕ್ಕರು. ನಾನಂತೂ ತುಂಬಾ ನಕ್ಕೆ. ಅಂಕಲ್ ನಗಲಿಲ್ಲ.

ಜಾಸಿರ್ ನನ್ನ ನಕ್ಷೆಯ ಫೋಟೋ ತೆಗೆದು ಅಂಗಡಿಯ ಕಂಪ್ಯೂಟರಿಗೆ ಹಾಕಿಕೊಂಡಿದ್ದಾನೆ! ಇದಕ್ಕಿಂತ ಹೆಚ್ಚು ಇನ್ನೇನು ಬೇಕು?

ನವೆಂಬರ್ 14, ಶುಕ್ರವಾರ

ಅರ್ಜಿ ಕೊಟ್ಟಾಯಿತು! ನಗರಸಭೆಯ ಇಂಜಿನಿಯರ್ ಅಕ್ಷಿತಾ ಮೇಡಂ ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಚಿತ್ರದುರ್ಗದ ಕಡೆಯವರು. ನಕ್ಷೆ ನೋಡಿ "ಉಯ್ಯಾಲೆ ಚೆನ್ನಾಗಿದೆ ಕಣ್ರೀ" ಎಂದರು. ಆಮೇಲೆ ಬೆರಳು ಮಡಚುತ್ತಾ ವಿವರಿಸಿದರು. ಆಕ್ಷೇಪಣೆ ಇದ್ದವರು ಹೇಳಲಿ ಎಂದು ನೋಟಿಸು ಅಂಟಿಸುತ್ತಾರೆ, ಜಾಗ ನೋಡಲು ಬರುತ್ತಾರೆ, ಆಮೇಲೆ ಸಭೆಗೆ ಇಡುತ್ತಾರೆ.

"ಇನ್ನೊಂದು ವಿಷ್ಯ. ಪರ್ಮಿಷನ್ ಕೈಗೆ ಬರೋ ತನಕ ಅಲ್ಲಿ ಒಂದು ಹುಲ್ಲೂ ಕೀಳ್ಬೇಡಿ."

ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ "ಕೀಳ್ಬೇಡಿ ಕಣ್ರೀ" ಎಂದು ಅವರಂತೆ ಹೇಳಿ ಹೇಳಿ ಈಶ್ವರಿ ಆಂಟಿಯನ್ನು ನಗಿಸಿದೆ. ಅವರು ಸ್ಕೂಟರ್ ಬಿಡುತ್ತಿದ್ದರು ಎನ್ನುವುದನ್ನು ಮರೆತಿದ್ದೆ. ಇನ್ನೇನು ಚರಂಡಿಗೆ ಬೀಳುವುದಿತ್ತು.

ನವೆಂಬರ್ 23, ಭಾನುವಾರ

ಇವತ್ತು ಒಂದು ಅನಾಹುತ ಮಾಡುವವಳಿದ್ದೆ.

ಅಡುಗೆಮನೆಯ ಕಪಾಟು ಒರೆಸುವಾಗ ಹಿಂದಿನ ಸಾಲಿನಲ್ಲಿ ಒಂದು ಗಾಜಿನ ಬಾಟಲಿ ಸಿಕ್ಕಿತು. ಒಳಗೆ ಬರೀ ಬೂದಿ. ಕಸದ ಬುಟ್ಟಿಯ ಮುಚ್ಚಳ ತೆಗೆದಿದ್ದೆ, ಅಷ್ಟರಲ್ಲಿ ಮಾಮಿ ಓಡಿ ಬಂದರು. ಮೊಣಗಂಟು ನೋವಿನ ಮಾಮಿ ಓಡಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಬಾಟಲಿಯನ್ನು ಕೈಗೆ ತೆಗೆದುಕೊಂಡು ಬೂದಿಯನ್ನು ಅಂಗೈಗೆ ಸುರಿದರು. ಊದಿದರು. ಕಾಳುಮೆಣಸಿನಷ್ಟು ದೊಡ್ಡ, ಉರುಟು ಬೀಜಗಳು.

"ಊರ ಬೆಂಡೆ," ಎಂದರು. "ಬಿಳಿದು. ನನ್ನನ್ನು ಅಜ್ಜಾವರದಿಂದ ಕಡಬಕ್ಕೆ ಮದುವೆ ಮಾಡಿ ಕೊಡುವಾಗ ಉಮ್ಮ ಇಷ್ಟು ಸೆರಗಿನಲ್ಲಿ ಕಟ್ಟಿ ಕೊಟ್ಟದ್ದು. ವರ್ಷ ವರ್ಷ ಹಾಕಿ, ವರ್ಷ ವರ್ಷ ಬೀಜಕ್ಕೆ ಬಿಟ್ಟು, ಇಲ್ಲಿವರೆಗೆ ಬಂದಿದೆ."

"ಇಲ್ಲಿ ಹಾಕಲಿಲ್ಲವಾ ಮಾಮಿ?"

"ಎಲ್ಲಿ ಹಾಕುದು? ಇಂಟರ್‌ಲಾಕಿನ ಮೇಲಾ? ಟೆರೇಸಿನಲ್ಲಿ ಚೀಲದಲ್ಲಿ ಹಾಕಿದ್ದನ್ನು ಮಂಗ ಕಿತ್ತುಕೊಂಡು ಹೋಯಿತು. ಹೋದ ವರ್ಷ ಹಾಕಲೇ ಇಲ್ಲ. ಈ ಸಲವೂ ಮಣ್ಣಿಗೆ ಬೀಳದಿದ್ದರೆ ಇದು ಮತ್ತೆ ಹುಟ್ಟುದಿಲ್ಲ. ಸಂಕ್ರಾಂತಿ ಆಸುಪಾಸಿಗೆ ಬಿತ್ತಬೇಕು. ಮತ್ತೆ ಬಿಸಿಲು ಹೆಚ್ಚಾಗ್ತದೆ."

ಇಷ್ಟು ಮಾತನ್ನು ಅವರು ಒಟ್ಟಿಗೆ ಆಡಿದ್ದೂ ಇದೇ ಮೊದಲು.

ಮದುವೆಯಾಗಿ ಬರುವಾಗ ನಾನೇನು ತಂದಿದ್ದೆ ಎಂದು ಯೋಚಿಸಿದೆ. ಕೂದಲು ನೇರ ಮಾಡುವ ಮಿಷನ್. ಅದೂ ಮಮ್ಮಿ ಬೇಡ ಅಂದಿದ್ದರು.

ಡಿಸೆಂಬರ್ 6, ಶನಿವಾರ

ಸೋಮವಾರ ಅಕ್ಷಿತಾ ಮೇಡಂ ಜಾಗ ನೋಡಲು ಬರುತ್ತಾರೆ! ಮತ್ತು ಇವತ್ತು ನಾನು ಜೀವನದಲ್ಲಿ ಮೊದಲ ಬಾರಿಗೆ ಸುಡುಮಣ್ಣು ನೋಡಿದೆ. ನೋಡಿದ್ದೇನು, ಮಾಡಿದೆ!

ಬೆಳಿಗ್ಗೆ ಮಾಮಿ ಮತ್ತು ಈಶ್ವರಿ ಆಂಟಿ ಹಾರೆ ಹಿಡಿದುಕೊಂಡು ಪಾರ್ಕಿನ ಜಾಗಕ್ಕೆ ಇಳಿದಿದ್ದರು. ಒಣಗಿದ ಎಲೆ, ಕಡ್ಡಿ ಒಟ್ಟು ಹಾಕಿ, ಅದರ ಮೇಲೆ ಅಗೆದ ಮಣ್ಣಿನ ಹೆಂಟೆ ಪೇರಿಸಿ, ಮತ್ತೆ ಎಲೆ, ಮತ್ತೆ ಮಣ್ಣು. ಕೊನೆಗೆ ಬುಡದಲ್ಲಿ ಬೆಂಕಿ. ಅದು ಉರಿಯುವುದಿಲ್ಲ, ಒಳಗೊಳಗೆ ಬೇಯುತ್ತದೆ. ಎರಡು ದಿನ ಕಳೆದರೆ ಹೆಂಟೆಯೆಲ್ಲ ಕೆಂಪಗೆ ಹುಡಿಯಾಗುತ್ತದಂತೆ. ಅದರಲ್ಲಿ ಹಾಕಿದ ಬೆಂಡೆಗೆ ಹುಳ ಬರುವುದಿಲ್ಲವಂತೆ. ಕೇಕ್ ಬೇಕ್ ಮಾಡಿದ ಹಾಗೆ, ಮಣ್ಣನ್ನು ಬೇಕ್ ಮಾಡುವುದು!

"ಆಂಟಿ, ಒಂದು ಹುಲ್ಲೂ ಕೀಳ್ಬೇಡಿ ಹೇಳಿದ್ರಲ್ಲ?"

"ಕೀಳುದು ಎಲ್ಲಿ? ನಾವು ಸುಡುದು ಮಾತ್ರ," ಎಂದರು ಆಂಟಿ.

"ಮಣ್ಣು ತಯಾರಿಲ್ಲದೆ ಪರವಾನಿಗೆ ತೆಗೊಂಡು ಎಂತ ಮಾಡುದು?" ಎಂದರು ಮಾಮಿ. ಮುಖಕ್ಕೆಲ್ಲ ಮಸಿ. ಇಬ್ಬರೂ ಶಾಲೆ ತಪ್ಪಿಸಿ ಬಂದ ಹುಡುಗಿಯರ ಹಾಗೆ ನಗುತ್ತಿದ್ದರು.

ಎಷ್ಟು ಚಂದದ ದೃಶ್ಯ! ವಿಡಿಯೋ ಮಾಡಿ ಬಡಾವಣೆಯ ಗ್ರೂಪಿಗೆ ಹಾಕಿದೆ. 'ನಮ್ಮ ತೋಟ ಶುರು!' ಹತ್ತು ಹಸಿರು ಹೃದಯ.

ಡಿಸೆಂಬರ್ 8, ಸೋಮವಾರ

ಎಲ್ಲ ಹಾಳಾಯಿತು.

ಗಾಳಿ ತಿರುಗಿತ್ತು. ಎರಡು ದಿನ ಹೊಗೆಯೆಲ್ಲ ರಾಧಾಕೃಷ್ಣ ಅಂಕಲ್ ಮನೆಯ ಕಿಟಕಿಗೆ. ನಿನ್ನೆ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ದಮ್ಮಿಗೆ ಮದ್ದಿನ ಹಬೆ ಕೊಡಿಸಬೇಕಾಯಿತಂತೆ. ನಮಗೆ ಗೊತ್ತೇ ಇರಲಿಲ್ಲ.

ಅಕ್ಷಿತಾ ಮೇಡಂ ಬಂದಾಗ ಮಣ್ಣಿನ ಗುಡ್ಡೆಗಳು ಇನ್ನೂ ಹೊಗೆಯಾಡುತ್ತಿದ್ದವು. "ಏನ್ರೀ ಇದು, ಸ್ಮಶಾನನಾ?" ಎಂದರು. ನಾನು ಸುಡುಮಣ್ಣು, ಸುಡುಮಣ್ಣು ಎಂದೆ. "ಮಣ್ಣನ್ನ ಯಾರಾದ್ರೂ ಸುಡ್ತಾರಾ?" ಅವರ ಕೈಯಲ್ಲಿ ಅಂಕಲ್ ಬರೆದುಕೊಟ್ಟ ಆಕ್ಷೇಪಣೆ. ಪರವಾನಿಗೆಗೆ ಮೊದಲೇ ಪಾರ್ಕಿನ ಜಾಗ ಅಗೆದಿದ್ದಾರೆ, ಬೆಂಕಿ ಹಾಕಿದ್ದಾರೆ. ಸಾಕ್ಷಿಗೆ ನನ್ನ ವಿಡಿಯೋ. ಹಸಿರು ಹೃದಯಗಳ ಸಮೇತ.

ಡಿಸೆಂಬರ್ 9

ಬರೆಯಲು ಮನಸ್ಸಿಲ್ಲ.

ಡಿಸೆಂಬರ್ 14, ಭಾನುವಾರ

ಇಪ್ಪತ್ತೆರಡಕ್ಕೆ ಕಚೇರಿಯಲ್ಲಿ ವಿಚಾರಣೆ. ಅಂಕಲ್ ಆಕ್ಷೇಪಣೆ ಉಳಿದರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆ, ಹೊಸದಾಗಿ ಕೊಡಬೇಕು. ಹೊಸದಾಗಿ ಕೊಟ್ಟು ಬರುವಾಗ ಮಾರ್ಚ್ ಆಗುತ್ತದೆ. ಮಾರ್ಚಿನಲ್ಲಿ ಬೆಂಡೆ ಬಿತ್ತಿದರೆ ಉಳಿಯುವುದು ಬಿಸಿಲು ಮಾತ್ರ.

"ಬಿಡು ಆಫ್ರಾ," ಎಂದ ಜಾಸಿರ್. "ಮುಂದಿನ ವರ್ಷ ನೋಡುವ. ಈಗ ಎಲ್ಲಾದರೂ ತಿರುಗಾಡಿ ಬರುವನಾ? ಊಟಿ?"

ಒಂದು ತಿಂಗಳ ಹಿಂದೆ ಊಟಿ ಎಂದಿದ್ದರೆ ನಾನು ಕುಣಿಯುತ್ತಿದ್ದೆ. ಈಗ, ಮುಂದಿನ ವರ್ಷ ಆ ಬೀಜ ಹುಟ್ಟುವುದಿಲ್ಲ ಎಂದೆ. ಯಾವ ಬೀಜ ಎಂದ. ಅವನಿಗೆ ಗೊತ್ತೇ ಇಲ್ಲ!

ಮಾಮಿ ಯಾರನ್ನೂ ಬೈಯಲಿಲ್ಲ. ಬಾಟಲಿಯನ್ನು ಮತ್ತೆ ಕಪಾಟಿನ ಹಿಂದಿನ ಸಾಲಿಗೆ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ 17, ಬುಧವಾರ

ಸಂಜೆಯ ಅಸರ್ ನಮಾಜ್ ಮುಗಿಸಿ ಮಾಮಿ ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತರು. "ಬಾ," ಎಂದರು.

"ಎಲ್ಲಿಗೆ?"

"ಕಂಡಕ್ಟ್ರ ಮನೆಗೆ."

ನಡುವೆ ಇರುವುದು ಒಂದು ಪಾರ್ಕಿನ ಜಾಗ. ಆದರೆ ಮಾಮಿ ಇಷ್ಟು ಸಮಯದಲ್ಲಿ ಆ ಮನೆಯ ಗೇಟು ದಾಟಿದವರಲ್ಲ. ಅಂಕಲ್ ಸಿಟೌಟಿನಲ್ಲಿ ಕೂತಿದ್ದರು, ಕುತ್ತಿಗೆಗೆ ಮಫ್ಲರ್.

"ಬನ್ನಿ ನೆಬೀಸಮ್ಮ," ಎಂದರು. ಕೂರಿ ಎನ್ನಲಿಲ್ಲ. ಮಾಮಿ ನಿಂತೇ ಹೇಳಿದರು: "ತಪ್ಪಾಯಿತು. ಬೆಂಕಿ ಇಟ್ಟದ್ದು ನಾನು."

"ಅಲ್ಲ ಅಂಕಲ್," ಎಂದು ನಾನು ನಡುವೆ ಬಾಯಿ ಹಾಕಿದೆ. "ನಮ್ಮ ಉಮ್ಮನಿಗೆ ಏನೂ ಹೇಳ್ಬೇಡಿ. ನಕ್ಷೆ ಮಾಡಿದ್ದು ನಾನು, ವಿಡಿಯೋ ಹಾಕಿದ್ದು ನಾನು, ಅವತ್ತು ಮೀಟಿಂಗಲ್ಲಿ ನಕ್ಕದ್ದೂ ನಾನು."

ಅಂಕಲ್ ಮಫ್ಲರ್ ಸಡಿಲಿಸಿಕೊಂಡರು.

"ಸುಡುಮಣ್ಣು ನನಗೆ ಗೊತ್ತಿಲ್ಲದ್ದಾ?" ಎಂದರು. "ನನ್ನ ಊರು ಪಂಜದಲ್ಲಿ ಆ ಹೊಗೆ ಕುಡಿದೇ ದೊಡ್ಡದಾದವ ನಾನು. ಆಗ ಎದೆ ಪೂರ್ತಿ ಇತ್ತು. ಈಗ ಅರ್ಧ ಉಂಟು. ಹೊಗೆಗೆ ನನಗೆ ಸಿಟ್ಟಿಲ್ಲ ನೆಬೀಸಮ್ಮ. ಒಂದು ಮಾತು ಹೇಳಿದ್ದರೆ ಎರಡು ದಿನ ಮಗಳ ಮನೆಗೆ ಹೋಗಿ ಬರ್ತಿದ್ದೆ. ಹೇಳಲಿಲ್ಲ. ನಡೆಯಲಿಕ್ಕೆ ಜಾಗ ಕೇಳಿದ್ದಕ್ಕೆ ನಗಾಡಿದಿರಿ. ನಾನು ಎಂತ ಟಿಕೆಟ್ ಇಲ್ಲದೆ ಹತ್ತಿದವನಾ ಈ ಬಡಾವಣೆಗೆ?"

"ಇಲ್ಲ ಅಂಕಲ್," ಎಂದೆ.

ಉಮ್ಮ ಮೆಲ್ಲನೆ ಕೇಳಿದರು: "ದಿನಕ್ಕೆ ಎಷ್ಟು ನಡೀಬೇಕು ಹೇಳಿದ್ದಾರೆ ಡಾಕ್ಟ್ರು?"

"ಅರ್ಧ ಗಂಟೆ."

"ನನಗೂ ಅಷ್ಟೇ ಹೇಳಿದ್ದು. ಮೊಣಗಂಟಿಗೆ."

ಆಮೇಲೆ ಅವರಿಬ್ಬರೂ ಮಾತ್ರೆಗಳ ವಿಷಯ ಮಾತಾಡಿದರು. ಆಕ್ಷೇಪಣೆ ವಾಪಸು ತೆಗೆಯುತ್ತೇನೆಂದು ಅಂಕಲ್ ಹೇಳಲಿಲ್ಲ. ನಾವೂ ಕೇಳಲಿಲ್ಲ. ಹೊರಡುವಾಗ "ಚಾ ಕುಡಿಯಲಿಲ್ಲವಲ್ಲ" ಎಂದರು. ಅಷ್ಟೇ.

ಮನೆಗೆ ಬಂದು ನಕ್ಷೆ ಬಿಡಿಸಿ ಕೂತೆ. ಸುತ್ತ ಗೋಡೆಯ ಪಕ್ಕದಲ್ಲಿ ನಡೆಯುವ ದಾರಿ, ಇಬ್ಬರು ಜೊತೆಗೆ ಹೋಗುವಷ್ಟು ಅಗಲ. ಕೂತು ಸುಧಾರಿಸಿಕೊಳ್ಳಲು ಎರಡು ಕಡೆ ಕಲ್ಲುಬೆಂಚು. ಅಂಕಲ್ ಕಿಟಕಿಯ ಎದುರು ಏನೂ ಇಲ್ಲ, ಬರೀ ಗಾಳಿ. ಜಾಗ ಸಾಲಲಿಲ್ಲ. ಉಯ್ಯಾಲೆಯನ್ನು ಅಳಿಸಿದೆ, ಕಮಾನೂ ಹೋಯಿತು. ಈಗ ಸರಿಯಾಗಿದೆ. ಬೆಂಡೆಯ ಏರಿ ಎಲ್ಲಿರಬೇಕು ಎಂದು ಉಮ್ಮ ಬೆರಳಿಟ್ಟು ತೋರಿಸಿದರು. ಸುಡುಮಣ್ಣು ಇದ್ದಲ್ಲೇ.

ಡಿಸೆಂಬರ್ 22, ಸೋಮವಾರ

ಬರೆಯಲೇಬೇಕು, ಒಂದು ಮಾತೂ ಬಿಡದೆ ಬರೆಯಬೇಕು!

ಕಚೇರಿಯ ಆ ಉದ್ದ ಮೇಜು. ಒಂದು ಕಡೆ ಅಕ್ಷಿತಾ ಮೇಡಂ ಮತ್ತು ಅವರ ಮೇಲಧಿಕಾರಿ. ಈ ಕಡೆ ಈಶ್ವರಿ ಆಂಟಿ, ನಾನು, ಉಮ್ಮ. ಉಮ್ಮ ಕಚೇರಿಗಳಿಗೆ ಬರುವವರಲ್ಲ. ಬಂದಿದ್ದರು. ಕೊನೆಯ ಕುರ್ಚಿಯಲ್ಲಿ ಅಂಕಲ್, ಮಫ್ಲರ್ ಸಮೇತ. ನಮ್ಮ ಕಡೆ ನೋಡಲಿಲ್ಲ.

ಹೊಸ ನಕ್ಷೆ ಕೊಟ್ಟೆ. ಅಧಿಕಾರಿ ತಿರುವಿ ನೋಡಿ, "ಬೆಂಕಿ ಹಾಕಿದ್ದು ಯಾರು?" ಎಂದರು.

"ನಾನು," ಎಂದರು ಉಮ್ಮ.

"ನಾನೂ," ಎಂದರು ಈಶ್ವರಿ ಆಂಟಿ, ಕನ್ನಡಕ ಇಳಿಸಿ. "ತಪ್ಪು ನಮ್ಮದು."

ಉಮ್ಮ ಎದ್ದು ನಿಂತರು. ನಾನು ಅವರ ಕೈ ಹಿಡಿದುಕೊಂಡೆ. "ಇನ್ನು ಅಲ್ಲಿ ಬೆಂಕಿ ಹಾಕುದಿಲ್ಲ," ಎಂದರು. "ನನ್ನ ಉಮ್ಮ ಹಾಗೇ ಮಾಡ್ತಿದ್ದದ್ದು, ನಾನೂ ಹಾಗೇ ಮಾಡಿದ್ದು. ಆದರೆ ಅಲ್ಲಿ ಕಿಟಕಿ ಹತ್ತಿರ ಇರಲಿಲ್ಲ. ಇಲ್ಲಿ ಉಂಟು. ಇನ್ನು ಸೊಪ್ಪು, ಸೆಗಣಿ ಕೊಳೆಸಿಯೇ ಮಾಡುದು. ಅದನ್ನು ಬರೆದುಕೊಳ್ಳಿ."

ಅಧಿಕಾರಿ ಅಂಕಲ್ ಕಡೆ ತಿರುಗಿದರು. "ಆಕ್ಷೇಪಣೆ ಉಳಿಸ್ತೀರಾ?"

ಅಂಕಲ್ ಎದ್ದರು. ಕೆಮ್ಮಿದರು. ನಕ್ಷೆಯನ್ನು ಕೈಗೆ ತೆಗೆದುಕೊಂಡು ಗೋಡೆಯ ಪಕ್ಕದ ದಾರಿಯ ಮೇಲೆ ಬೆರಳು ಓಡಿಸಿದರು. ಪೂರ್ತಿ ಒಂದು ಸುತ್ತು. ಎರಡು ಬೆಂಚುಗಳಲ್ಲೂ ಬೆರಳು ಒಂದೊಂದು ಕ್ಷಣ ನಿಂತು ಮುಂದೆ ಹೋಯಿತು, ಸ್ಟಾಪಿನಲ್ಲಿ ಬಸ್ಸು ನಿಂತ ಹಾಗೆ.

"ಹೊಗೆ ತಪ್ಪು, ಸರ್," ಎಂದರು. "ಅದನ್ನು ಬರೆಯಿರಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ಆದರೆ ಸುಟ್ಟ ಮಣ್ಣು ಅಲ್ಲಿ ಬಿದ್ದುಕೊಂಡು ಉಂಟು. ನನ್ನ ದಮ್ಮು ಖರ್ಚಾಗಿ ಆದ ಮಣ್ಣು ಅದು. ಅದರಲ್ಲಿ ಬೆಂಡೆ ಆಗದೆ ಹೋದರೆ ನಷ್ಟ ನನಗಲ್ಲವಾ?"

ಮೊದಲು ನಕ್ಕದ್ದು ಈಶ್ವರಿ ಆಂಟಿ. ಆಮೇಲೆ ಅಧಿಕಾರಿ. ಅಕ್ಷಿತಾ ಮೇಡಂ ಮಾತ್ರ ಪೆನ್ನು ಹಿಡಿದುಕೊಂಡು, "ಒಂದ್ನಿಮಿಷ, ಈ ಸುಡುಮಣ್ಣು ಅಂದ್ರೆ ಏನು, ಯಾರಾದ್ರೂ ಸರಿಯಾಗಿ ಹೇಳ್ತೀರಾ?" ಎಂದರು. ನಾಲ್ಕು ಜನ ಒಟ್ಟಿಗೆ ಹೇಳಲು ಶುರುಮಾಡಿದೆವು. ಹೆಂಟೆ ದಪ್ಪ ಇರಬೇಕಾ, ಸಣ್ಣದಿರಬೇಕಾ ಎಂದು ಅಂಕಲ್‌ಗೂ ಉಮ್ಮನಿಗೂ ಜಗಳವಾಯಿತು. ಸರ್ಕಾರಿ ಕಚೇರಿಯ ಒಳಗೆ!

ಸಭೆಗೆ ಇಡುತ್ತಾರೆ. ಶಿಫಾರಸು ಮಾಡಿದ್ದಾರೆ. ಅಲ್ಹಮ್ದುಲಿಲ್ಲಾ.

ಜನವರಿ 7, 2026, ಬುಧವಾರ

ಬಂತು! ಪರವಾನಿಗೆ ಬಂತು! ಷರತ್ತುಗಳು: ಯಾವುದೇ ಕಟ್ಟಡ ಕಟ್ಟುವಂತಿಲ್ಲ, ದಾರಿ ಮುಚ್ಚುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಈಶ್ವರಿ ಆಂಟಿ ಅದನ್ನು ಗ್ರೂಪಿನಲ್ಲಿ ಹಾಕಿದರು. ನಾನೇನೂ ಹಾಕಲಿಲ್ಲ, ಹೋಗಿ ಅಂಕಲ್‌ಗೆ ಓದಿ ಹೇಳಿ ಬಂದೆ.

ಜನವರಿ 10, ಶನಿವಾರ

ಉಮ್ಮ ನಿನ್ನೆಯೇ ಬೀಜ ತೊಳೆದು ನೆನೆಸಿಟ್ಟಿದ್ದರು. ಬೆಳಿಗ್ಗೆ ಏರಿಯ ಪಕ್ಕದಲ್ಲಿ ನಿಂತು ಬಟ್ಟಲನ್ನು ನನ್ನ ಕೈಗೆ ಕೊಟ್ಟರು.

"ನಾನಾ? ನನಗೆ ಬರುದಿಲ್ಲ ಉಮ್ಮ. ಹಾಳಾದರೆ?"

"ಬಗ್ಗಲಿಕ್ಕೆ ಮೊಣಗಂಟು ಬಿಡಬೇಕಲ್ಲ ನನಗೆ. ನನ್ನ ಉಮ್ಮನೂ ಹೊಸ ಮದುಮಗಳ ಕೈಗೇ ಕೊಟ್ಟದ್ದು. ಬೆರಳಿನ ಒಂದು ಗೆಣ್ಣು ಆಳ. ಮಾತಾಡದೆ ಹಾಕು."

ಕೊನೆಯದು ಅತ್ಯಂತ ಕಷ್ಟದ ಷರತ್ತು. ಸುಡುಮಣ್ಣು ಬೆರಳಿಗೆ ರವೆಯ ಹಾಗೆ ಹಗುರ. ಈ ಕಡೆ ಉಮ್ಮ, ಗೋಡೆಯ ಆ ಕಡೆಯಿಂದ ಅಂಕಲ್ ತಲೆ, ಇಬ್ಬರೂ ನಿರ್ದೇಶನ ಕೊಡುತ್ತಿದ್ದರು. "ಹತ್ತಿರ ಆಯಿತು, ದೂರ ಹಾಕು." "ದೂರ ಆಯಿತು, ಎಂತ ಕಡಬಕ್ಕೆ ಬಸ್ಸು ಬಿಡ್ತೀಯಾ?"

ಜನವರಿ 14, ಬುಧವಾರ

ಸಂಕ್ರಾಂತಿ. ಏನೂ ಹುಟ್ಟಿಲ್ಲ.

ಜನವರಿ 16

ಇಲ್ಲ. ಉಮ್ಮ "ಹಳೆ ಬೀಜ ಅಲ್ಲವಾ, ನಿಧಾನ" ಎನ್ನುತ್ತಾರೆ. ಅಂಕಲ್ ಈಗ ಎರಡು ಹೊತ್ತೂ ನಡೆಯುತ್ತಾರೆ. ಏರಿಯ ಹತ್ತಿರ ಬಂದಾಗ ನಿಧಾನವಾಗುತ್ತಾರೆ. ಕೇಳಿದರೆ ದಮ್ಮು ಎನ್ನುತ್ತಾರೆ.

ಜನವರಿ 18, ಭಾನುವಾರ

ಬೆಳಿಗ್ಗೆ ಹಾಲು ಕಾಯಿಸುತ್ತಿದ್ದೆ. ಹೊರಗೆ ಕಂಡಕ್ಟರ್ ಗಂಟಲು, ಅರ್ಧ ಎದೆಯದ್ದಲ್ಲ, ಪೂರ್ತಿ ಎದೆಯದ್ದು: "ನೆಬೀಸಮ್ಮಾ! ಬನ್ನಿ, ಬೇಗ ಬನ್ನಿ, ಇಳಿಯುವವರು ಇಳಿಯಿರಿ!"

ಹಾಲು ಬಿಟ್ಟು ಓಡಿದೆ. ಕಾಲಲ್ಲಿ ಜಾಸಿರ್‌ನ ಚಪ್ಪಲಿ. ಉಮ್ಮ ನನಗಿಂತ ಮೊದಲೇ ಅಲ್ಲಿದ್ದರು. ಕೆಂಪು ಮಣ್ಣನ್ನು ತಲೆಯಿಂದ ಎತ್ತಿ ಹಿಡಿದುಕೊಂಡು, ಬೆನ್ನು ಬಾಗಿಸಿ, ಒಂದು ಬೆಂಡೆ. ಅದರಾಚೆ ಇನ್ನೊಂದು. ಗೋಡೆಯ ಕಡೆಗೆ ಎರಡು ಎಲೆ ಬಿಡಿಸಿ ನಿಂತ ಮತ್ತೊಂದು. ಹಾಕಿದ್ದರಲ್ಲಿ ಹೆಚ್ಚಿನವು ಹುಟ್ಟಿಲ್ಲ, ಹುಟ್ಟಲಿಕ್ಕೂ ಇಲ್ಲ. "ಸಾಕು," ಎಂದರು ಉಮ್ಮ, "ಬೀಜಕ್ಕೆ ಇಷ್ಟು ಬೇಕಾದಷ್ಟಾಯಿತು. ಮೊದಲನೆಯ ಕಾಯಿ ರಮ್ಜಾನಿಗೆ." ಆಮೇಲೆ ಏರಿಯ ಪಕ್ಕದಲ್ಲಿ ಕೂತೇಬಿಟ್ಟರು. ಮೊಣಗಂಟು ಮಡಚಿ. ಎಬ್ಬಿಸಲು ನಾನು ಮತ್ತು ಈಶ್ವರಿ ಆಂಟಿ ಇಬ್ಬರೂ ಬೇಕಾಯಿತು.

ಹಾಲು ಉಕ್ಕಿ ಒಲೆಯೆಲ್ಲ ಹಾಳು.

ಇವತ್ತು ಜಾಸಿರ್ ಜೊತೆ ಮಂಗಳೂರಿಗೆ ಸಿನೆಮಾಕ್ಕೆ ಹೋಗುವುದಿತ್ತು. ನೀರು ಹಾಕುವ ಸರದಿ ನಮ್ಮ ಮನೆಯದ್ದು ಎನ್ನುವುದು ನನಗೆ ಮರೆತೇ ಹೋಗಿತ್ತು, ಸಿನೆಮಾ ಬಿಟ್ಟೆ. ಟಿಕೆಟ್ ಹಾಳಾಯಿತು ಎಂದು ಗೊಣಗುತ್ತಾ ಅವನೂ ಹಿಂದೆ ಬಂದ, ಅಂಗಡಿಯಿಂದ ತಂದ ಹೊಸ ಪೈಪಿನ ಸುರುಳಿ ಹೆಗಲಿಗೆ ಹಾಕಿಕೊಂಡು. ನಲ್ಲಿಗೆ ಸಿಕ್ಕಿಸಿ, ನಮ್ಮೆಲ್ಲರಿಗೆ ತೋರಿಸಬೇಕೆಂದು ಪೂರ್ತಿ ತಿರುಗಿಸಿದ.

"ಮೆಲ್ಲ, ಮೆಲ್ಲ ಹಾಕು ಮಗಾ!" ಉಮ್ಮನೂ ಅಂಕಲೂ ಒಟ್ಟಿಗೆ ಕೂಗಿದರು. "ಇವತ್ತು ಹುಟ್ಟಿದ್ದಷ್ಟೇ ಅವು."